ನಮ್ಮ ಹುಡುಗ ಅಷ್ಟಕ್ಕಷ್ಟೆ

ನನಗೆ ಹೊಗಳುವುದಕ್ಕೆ ಬರುವುದಿಲ್ಲ. ಪಕ್ಕದ ಮನೆಯವರ ಮಗನನ್ನು ಹೊಗಳು ಎನ್ನಿ, ಅರ್ಧ ಗಂಟೆ ಹೊಗಳುತ್ತೇನೆ. ಅವನು ಕಸದ ಡಬ್ಬಿಯನ್ನು ರಸ್ತೆಗೆ ತಳ್ಳಿಕೊಂಡು ಹೋದರೂ ಸಾಕು, ಎಂಥ ಜವಾಬ್ದಾರಿ ನೋಡಿ ಎನ್ನುತ್ತೇನೆ. ಸ್ವಂತ ಮಗನ ವಿಷಯ ಬಂದ ಕೂಡಲೇ ನಾಲಿಗೆ ಹಟ ಮಾಡಿ ಕೂತುಬಿಡುತ್ತದೆ. ಇದು ನಮ್ಮ ಮನೆತನದ ಬಳುವಳಿ. ಮೈಸೂರಿನ ನಮ್ಮ ಮನೆಗೆ ಯಾರಾದರೂ ಬಂದು "ಹುಡುಗ ಹೇಗೆ ಓದ್ತಾನೆ?" ಎಂದರೆ, ನಮ್ಮ ಅಪ್ಪ ಪೇಪರಿನಿಂದ ತಲೆ ಎತ್ತದೆ "ಏನೋ, ಅಷ್ಟಕ್ಕಷ್ಟೆ" ಎನ್ನುತ್ತಿದ್ದರು. ಬಂದವರು ತಕ್ಷಣ "ಛೇ ಛೇ, ಹಾಗನ್ಬೇಡಿ ರಾಯರೇ, ಚಿನ್ನದಂಥ ಹುಡುಗ" ಎನ್ನುತ್ತಿದ್ದರು. ಅಪ್ಪನಿಗೆ ಒಳಗೊಳಗೇ ಖುಷಿ, ಬಂದವರಿಗೆ ಎರಡನೇ ಲೋಟ ಕಾಫಿ. ನಮ್ಮ ಮಕ್ಕಳನ್ನು ನಾವು ತೆಗಳಬೇಕು, ಎದುರಿಗಿದ್ದವರು ಎತ್ತಬೇಕು. ನಾವೇ ಹೊಗಳಿದರೆ ದೃಷ್ಟಿಯಾಗುತ್ತದೆ. ಇಡೀ ಜೀವಮಾನದಲ್ಲಿ ಅಪ್ಪನ ಬಾಯಿಂದ ಬಂದ ಅತಿ ದೊಡ್ಡ ಪ್ರಶಸ್ತಿಯೆಂದರೆ "ಪರವಾಗಿಲ್ಲ". ನನಗೆ ಇಂಜಿನಿಯರಿಂಗಿನಲ್ಲಿ ರ‍್ಯಾಂಕ್ ಬಂದಾಗ ಒಮ್ಮೆ ಹೇಳಿದ್ದರು, ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ವೀಣಾ ಮಾಡಿದ ಸಾರು ಉಂಡು ಇನ್ನೊಮ್ಮೆ ಹೇಳಿದ್ದರು. ಮೂರನೆಯದು ನನಗೆ ನೆನಪಿಲ್ಲ.

ಇದರ ಮೇಲೆ ನನ್ನ ಕಸುಬು ಬೇರೆ. ಹ್ಯೂಸ್ಟನ್ನಿನ ಒಂದು ಕಂಪನಿಯಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಎಂದರೆ, ಬೇರೆಯವರು ಕಷ್ಟಪಟ್ಟು ಮಾಡಿದ್ದರಲ್ಲಿ ತಪ್ಪು ಹುಡುಕಿ ಪಟ್ಟಿ ಮಾಡುವುದಕ್ಕೆ ನನಗೆ ಸಂಬಳ. ಎಲ್ಲ ಸರಿಯಾಗಿದ್ದರೆ ನಾನು ಏನೂ ಬರೆಯುವುದಿಲ್ಲ. ಬೆಳಗಿನಿಂದ ಸಂಜೆವರೆಗೆ ಇದನ್ನೇ ಮಾಡಿ ಮನೆಗೆ ಬಂದವನಿಗೆ, ಮಗನ ಕೋಣೆಯ ಬಾಗಿಲು ತೆಗೆದರೆ ಇನ್ನೇನು ಕಂಡೀತು?

ಮಗನ ಹೆಸರು ಕಾರ್ತಿಕ. ಹ್ಯೂಸ್ಟನ್ನಿನ ಹೊರವಲಯದ ಫುಲ್‌ಶೀರ್‌ನಲ್ಲಿ ನಾವು ಮನೆ ಕಟ್ಟಿಸಿಕೊಂಡು ಬಂದಾಗ ಅವನಿಗೆ ಹನ್ನೆರಡು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಅವನ ಮಾತನ್ನು ನಾನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ, ನೀವು ಮೋಸ ಹೋಗಬೇಡಿ. ಟೆಕ್ಸಸ್ಸಿನ ಹೈಸ್ಕೂಲ್ ಸೇರಿದ ಮೇಲೆ ಫುಟ್‌ಬಾಲ್ ಹಿಡಿಯಿತು. ನಾವು ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಕೈಯಲ್ಲಿ ಹಿಡಿದುಕೊಂಡು, ಶಿರಸ್ತ್ರಾಣ ಹಾಕಿಕೊಂಡು, ಒಬ್ಬರ ಮೇಲೊಬ್ಬರು ಬೀಳುವ ಫುಟ್‌ಬಾಲ್. ಅದರಲ್ಲಿ ಅಪರೂಪಕ್ಕೊಮ್ಮೆ ಚೆಂಡನ್ನು ಒದೆಯುವ ಪ್ರಸಂಗ ಬರುತ್ತದೆ. ಒದೆಯುವವನು ಹದಿನೈದು ಗಜ ಹಿಂದೆ ನಿಂತಿರುತ್ತಾನೆ. ಮುಂದಿರುವ ಒಬ್ಬ ಬಗ್ಗಿ, ತನ್ನ ಎರಡು ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ, ನೇರವಾಗಿ ಅವನ ಕೈಗೆ ಬೀಳುವ ಹಾಗೆ ಎಸೆಯಬೇಕು. ಈ ಬಗ್ಗಿ ಎಸೆಯುವವನಿಗೆ ಲಾಂಗ್ ಸ್ನ್ಯಾಪರ್ ಎಂದು ಹೆಸರು. ನಮ್ಮವನು ಅದು.

"ಅಷ್ಟೇನಾ ಕೆಲಸ? ಅದಕ್ಕೂ ಒಬ್ಬ ಬೇರೆ ಬೇಕಾ?" ಎಂದು ಕೇಳಿದ್ದೆ.

"ಅಷ್ಟೇ ಕೆಲಸ" ಎಂದು ಅವನು ಹೇಳಿ ಹಿತ್ತಲಿಗೆ ಹೋದ.

ಹಿತ್ತಲಿನ ಮರದ ಬೇಲಿಗೆ ಅವನೊಂದು ಜಮಖಾನ ಕಟ್ಟಿದ್ದ. ನಮ್ಮಮ್ಮ ಬಂದಾಗ ಮೈಸೂರಿನಿಂದ ಹೊತ್ತು ತಂದದ್ದು, ನೀಲಿ ಕೆಂಪು ಪಟ್ಟೆಯದು. ಅದರ ಮಧ್ಯೆ ಸೀಮೆಸುಣ್ಣದಲ್ಲಿ ಒಂದು ವೃತ್ತ. ದಿನಾ ಬೆಳಗ್ಗೆ ಆರು ಗಂಟೆಗೆ ಧಡ್. ಒಂದು ನಿಮಿಷ ಬಿಟ್ಟು ಧಡ್. ಹೀಗೆ ಐವತ್ತು ಸಲ. ಬೇಲಿಯ ಮೇಲೆ ಬಟ್ಟೆ ಹಾಕಬಾರದು ಎಂದು ಬಡಾವಣೆಯ ಸಂಘದವರು ಕಾಗದ ಕಳಿಸಿದರು. ಅದು ಬಟ್ಟೆಯಲ್ಲ, ಕ್ರೀಡಾ ಸಾಮಗ್ರಿ ಎಂದು ವೀಣಾ ಉತ್ತರ ಬರೆದಳು. ನಾನು ಮೂರು ವರ್ಷ ಅಲಾರಂ ಇಡಲಿಲ್ಲ.

ಹೈಸ್ಕೂಲ್ ಮುಗಿಯುವ ವರ್ಷ ಆಸ್ಟಿನ್ನಿನ ದೊಡ್ಡ ವಿಶ್ವವಿದ್ಯಾಲಯದಲ್ಲಿ ಅವನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ನಾನು ಕುಣಿದಾಡುವುದೊಂದು ಬಾಕಿ. ವೀಣಾಳ ಅಣ್ಣ ಸತೀಶ ಭಾವ ಆಸ್ಟಿನ್ನಿನಲ್ಲೇ ಇದ್ದಾರೆ. ಅವರಂತೂ ಇವನಿಗೆಂದು ತಮ್ಮ ಮನೆಯ ಒಂದು ಕೋಣೆಗೆ ಹೊಸ ಪರದೆಯನ್ನೇ ಹಾಕಿಸಿಬಿಟ್ಟರು. ಆ ವಿಶ್ವವಿದ್ಯಾಲಯದ ತಂಡ ಎಷ್ಟು ದೊಡ್ಡದೆಂದರೆ, ನಮ್ಮವನು ಆಟ ನೋಡುವುದಕ್ಕೆ ಟಿಕೆಟ್ ಸಿಕ್ಕರೂ ಪುಣ್ಯ. ಅಷ್ಟರಲ್ಲಿ ಡಲ್ಲಾಸ್ ದಾಟಿ ಇನ್ನೂ ಒಂದು ಗಂಟೆ ಆಚೆಗಿರುವ ಒಂದು ಸಣ್ಣ ಕಾಲೇಜಿನ ಕೋಚ್, ಶಾಲೆಯ ಆಟವನ್ನು ನೋಡಿ, ನಮ್ಮಲ್ಲಿಗೆ ಬರುತ್ತೀಯಾ ಎಂದು ಇವನನ್ನು ಕೇಳಿದರು.

"ಎಷ್ಟು ಜನ ಓದ್ತಾರಂತೆ ಅಲ್ಲಿ?" ಎಂದರು ಭಾವ ಫೋನಿನಲ್ಲಿ.

"ಸಾವಿರದ ಚಿಲ್ಲರೆ."

"ಏನ್ರೀ ಭಾವ, ನಮ್ಮ ಅಪಾರ್ಟ್‌ಮೆಂಟ್‌ನಲ್ಲೇ ಅಷ್ಟು ಜನ ಇದ್ದಾರೆ. ಹೆಸರು ಕೇಳಿದವರಿಗೆ ಏನಂತ ಹೇಳ್ತೀರ?"

ಅದೇ ನನ್ನ ಸಂಕಟವೂ ಆಗಿತ್ತು. ಆಸ್ಟಿನ್ ಎಂದರೆ ಕನ್ನಡ ಸಂಘದ ಯುಗಾದಿಯಲ್ಲಿ ಒಂದೇ ಮಾತು, "ಓಹೋ!" ಅಷ್ಟೇ. ಈ ಕಾಲೇಜಿನ ಹೆಸರು ಹೇಳಿದರೆ ಅದು ಎಲ್ಲಿದೆ, ಯಾವ ಹೆದ್ದಾರಿಯಲ್ಲಿ ಹೋಗಬೇಕು, ಯಾಕೆ ಹೋಗಬೇಕು ಎಂದು ಪೂರ್ತಿ ಪುರಾಣ ಬಿಚ್ಚಬೇಕು. ಮಗನನ್ನು ಕೂರಿಸಿಕೊಂಡು ಬುದ್ಧಿ ಹೇಳಿದೆ. ಅವನು ಕೇಳಿಸಿಕೊಂಡು, "ಆಸ್ಟಿನ್ನಿನಲ್ಲಿ ನಾನು ಆಟ ನೋಡುತ್ತೇನೆ, ಈ ಕಾಲೇಜಿನಲ್ಲಿ ನಾನು ಆಡುತ್ತೇನೆ. ಇಲ್ಲೂ ಇಂಜಿನಿಯರಿಂಗ್ ಇದೆ. ನಾನು ಇಲ್ಲಿಗೇ ಹೋಗುವುದು" ಎಂದ. ದನಿ ಏರಿಸಲಿಲ್ಲ. ನಮ್ಮಪ್ಪನೂ ಹೀಗೆಯೇ ದನಿ ಏರಿಸದೆ ಹಟ ಮಾಡುತ್ತಿದ್ದರು. ಅಂಥವರ ಹತ್ತಿರ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಫೆಬ್ರವರಿಯಲ್ಲಿ ಕೋಚ್ ಹ್ಯೂಸ್ಟನ್ ಕಡೆಗೆ ಬರುವವರಿದ್ದರು. ತಂದೆ ತಾಯಿಯನ್ನೂ ನೋಡಿಕೊಂಡು ಹೋಗುತ್ತೇನೆ ಎಂದು ಹೇಳಿ ಕಳಿಸಿದರು. ನೋಡಿಕೊಂಡು ಹೋಗುತ್ತೇನೆ ಎಂದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. ವೀಣಾ ಎರಡು ದಿನ ಮೊದಲೇ ಸೋಫಾದ ಹೊದಿಕೆ ಬದಲಾಯಿಸಿದಳು. ನಾನು ಹಿಲ್‌ಕ್ರಾಫ್ಟ್‌ನ ಇಂಡಿಯನ್ ಅಂಗಡಿಗಳ ಸಾಲಿಗೆ ನಲವತ್ತು ನಿಮಿಷ ಡ್ರೈವ್ ಮಾಡಿಕೊಂಡು ಹೋಗಿ ಕೇಸರಿ, ದ್ರಾಕ್ಷಿ, ಗೋಡಂಬಿ ತಂದೆ. ಅಂದು ಮನೆಯಲ್ಲಿ ಖಾರಾಬಾತ್, ಕೇಸರಿಬಾತ್ ಎರಡೂ. ಹುಡುಗನಿಗೆ ಇಸ್ತ್ರಿ ಮಾಡಿದ ಅಂಗಿ. ಹಾಡು ಬರುತ್ತಾ ಎಂದು ಕೇಳುವುದೊಂದು ಕಮ್ಮಿ.

ಕೋಚ್ ಹೆಸರು ವೇಡ್. ಬಾಗಿಲಿಗೆ ಅಡ್ಡಡ್ಡ ಬರಬೇಕಾದಂಥ ಆಳು. ಬೂಟನ್ನು ತಾವಾಗಿಯೇ ಹೊರಗೆ ಬಿಟ್ಟರು, ವೀಣಾ ಅಲ್ಲಿಗೇ ಸೋತಳು. ಖಾರಾಬಾತ್ ತಿಂದು, "ಅಮ್ಮಾ, ಇದು ನಮ್ಮಜ್ಜಿ ಮಾಡುತ್ತಿದ್ದ ಮುಸುಕಿನ ಜೋಳದ ನುಚ್ಚಿನ ಗಂಜಿಯ ಹಾಗೇ ಇದೆ, ಆದರೆ ಇದಕ್ಕೆ ರುಚಿ ಇದೆ" ಎಂದರು. ಕೇಸರಿಬಾತ್ ಮೂರು ಸಲ ಹಾಕಿಸಿಕೊಂಡರು. ಆಮೇಲೆ ಜೇಬಿನಿಂದ ಸಣ್ಣ ಪುಸ್ತಕ, ಪೆನ್ನು ತೆಗೆದು ವಿಷಯಕ್ಕೆ ಬಂದರು. ಈ ವರ್ಷ ತಮಗೆ ಬೇಕಾಗಿರುವುದು ಒಬ್ಬನೇ ಸ್ನ್ಯಾಪರ್. ಜಾಗ ಒಂದೇ. ಎರಡು ವಾರದಲ್ಲಿ ತೀರ್ಮಾನವಾಗಬೇಕು. ಅಷ್ಟು ಹೇಳಿ ನನ್ನ ಕಡೆಗೆ ತಿರುಗಿ, "ಸರ್, ನಿಮ್ಮ ಮಗನ ಬಗ್ಗೆ ಹೇಳಿ" ಎಂದರು.

ಕಾರ್ತಿಕ ಎದುರಿಗೇ ಕೂತಿದ್ದ. ನಾನು ಗಂಟಲು ಸರಿಮಾಡಿಕೊಂಡು, ನಮ್ಮಪ್ಪನ ಮಗನಾಗಿ, "ಏನಿಲ್ಲ, ಅಷ್ಟಕ್ಕಷ್ಟೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಹೇಳಿ, "ಛೇ ಛೇ, ಹಾಗನ್ನಬೇಡಿ" ಎಂಬ ಮಾತಿಗಾಗಿ ಕಾದೆ. ಬರಲಿಲ್ಲ. ಕೋಚ್ ಬರೆದುಕೊಂಡರು.

ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೂ ಸ್ವಲ್ಪ ಇಳಿದೆ. ಭಾನುವಾರ ಮಧ್ಯಾಹ್ನವೆಲ್ಲ ಮಲಗಿರುತ್ತಾನೆ ಎಂದೆ. ಬರೆದುಕೊಂಡರು. ಕೋಣೆ ನೋಡುವಂತಿಲ್ಲ ಎಂದೆ. ಅದನ್ನೂ ಬರೆದುಕೊಂಡರು. ಅಯ್ಯೋ ಮಾರಾಯ, ಈಗಲಾದರೂ ಎತ್ತಯ್ಯಾ ಎಂದು ಒಳಗೇ ಬೇಡಿಕೊಳ್ಳುತ್ತಾ, "ತಬಲಾ ಸೇರಿಸಿದೆವು, ಬಿಟ್ಟ. ಚೆಸ್ ಸೇರಿಸಿದೆವು, ಬಿಟ್ಟ. ಈಜು ಸೇರಿಸಿದೆವು, ಅದನ್ನೂ ಬಿಟ್ಟ. ಯಾವುದನ್ನೂ ಪೂರ್ತಿ ಮಾಡುವವನಲ್ಲ. ಇದು ಎಷ್ಟು ದಿನವೋ" ಎಂದುಬಿಟ್ಟೆ. ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಕೋಚ್ ಪುಸ್ತಕ ಮುಚ್ಚಿ, ನನ್ನನ್ನೊಮ್ಮೆ, ಹುಡುಗನನ್ನೊಮ್ಮೆ ನೋಡಿ, ಊಟಕ್ಕೆ ಥ್ಯಾಂಕ್ಸ್ ಹೇಳಿ, ಬೂಟು ಹಾಕಿಕೊಂಡು ಹೊರಟರು.

ಗಾಡಿ ತಿರುವು ದಾಟುವವರೆಗೂ ವೀಣಾ ಬಾಗಿಲಲ್ಲಿ ನಗುತ್ತಾ ಕೈ ಬೀಸಿದಳು. ಬಾಗಿಲು ಹಾಕಿದವಳೇ, "ಏನ್ರೀ ನಿಮಗೆ ಬಂದಿದ್ದು?" ಎಂದಳು.

"ಮಾತಿಗೆ ಹಾಗಂದೆ ಕಣೇ. ಅವರು ಇಲ್ಲ ಅನ್ಬೇಕಿತ್ತು."

"ಅವರೇನು ನಮ್ಮ ಮೈಸೂರಿನ ಚಾಮರಾಜಪುರಂನೋರಾ? ಅವರಿಗೆ ಹೇಗೆ ಗೊತ್ತಾಗ್ಬೇಕು? ಅಥವಾ ಆಸ್ಟಿನ್ನಿಗೆ ಹೋಗ್ಲಿ ಅಂತ ಬೇಕಂತಲೇ ಅಂದ್ರಾ?"

"ಛೀ, ಇಲ್ಲ" ಎಂದೆ. ಆದರೆ ಆ ಪ್ರಶ್ನೆ ಸೀದಾ ಬಂದು ನಾಟಿತು. ಹೊಗಳುವುದಕ್ಕೆ ಬಾರದ ನಾಲಿಗೆಗೆ ತೆಗಳುವುದಕ್ಕೆ ಅಷ್ಟು ಹುಮ್ಮಸ್ಸು ಎಲ್ಲಿಂದ ಬಂತು? ಅದರಲ್ಲಿ ಆಸ್ಟಿನ್ನಿನ ಪಾಲು ಎಷ್ಟಿತ್ತು ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಮರುದಿನ ಬೆಳಗ್ಗೆ ನಾನು ಆಫೀಸಿಗೆ ತಡವಾಗಿ ಹೋದೆ. ಯಾಕೆ ತಡವಾಯಿತೆಂದು ದಾರಿಯಲ್ಲಿ ಯೋಚಿಸುವಾಗ ಗೊತ್ತಾಯಿತು, ಹಿತ್ತಲಿನಲ್ಲಿ ಧಡ್ ಎನ್ನಲಿಲ್ಲ. ಅದರ ಮರುದಿನವೂ ಇಲ್ಲ. ಮೈ ಹುಷಾರಿಲ್ಲವೇ ಎಂದು ಕೇಳಿದರೆ "ಸುಮ್ಮನೆ" ಎಂದ. ಮನೆಯಲ್ಲಿ ಫೋನು ಬಂದಾಗಲೆಲ್ಲ ವೀಣಾ ಓಡಿ ಬಂದು ನನ್ನ ಮುಖ ನೋಡುತ್ತಿದ್ದಳು. ಕೋಚ್ ಕಡೆಯಿಂದ ನಮಗೆ ಒಂದು ಮಾತೂ ಇಲ್ಲ. ಒಂದು ವಾರ ಕಳೆಯಿತು. ಜಮಖಾನ ಮಳೆಯಲ್ಲಿ ನೆನೆದು ಭಾರವಾಗಿ ಒಂದು ಮೂಲೆ ಕಿತ್ತುಕೊಂಡು ಜೋತುಬಿತ್ತು. ಅದನ್ನು ಮತ್ತೆ ಕಟ್ಟುವುದಕ್ಕೆ ಅವನು ಹೋಗಲಿಲ್ಲ.

ಭಾವ ಫೋನ್ ಮಾಡಿ, "ಒಳ್ಳೇದೇ ಆಯ್ತು ಬಿಡಿ ಭಾವ. ಇನ್ನು ಸುಮ್ಮನೆ ಆಸ್ಟಿನ್ನಿಗೆ ಕಳಿಸಿ. ದೇವರೇ ದಾರಿ ತೋರಿಸಿದ" ಎಂದರು. ನಾನು ಒಂದು ತಿಂಗಳಿಂದ ಬಯಸಿದ್ದು ಅದನ್ನೇ ತಾನೇ? ಆದರೂ ಮೈಯೆಲ್ಲ ಉರಿಯಿತು. "ದೇವರಲ್ಲ ಭಾವ, ನಾನು ತೋರಿಸಿದ್ದು" ಎಂದು ಫೋನಿಟ್ಟೆ. ಮಗ ಸ್ವಂತ ಬುದ್ಧಿಯಿಂದ ಆಸ್ಟಿನ್ನಿಗೆ ಹೋದರೆ ಹೋಗಲಿ. ನನ್ನ ನಾಲಿಗೆಯಿಂದಾಗಿ ಹೋಗಬಾರದು. ಅವತ್ತೇ ನಿಶ್ಚಯ ಮಾಡಿದೆ. ಹುಡುಗನಿಗೆ ಆ ಜಾಗ ಕೊಡಿಸಿಯೇ ತೀರಬೇಕು. ಅದಕ್ಕಾಗಿ ಅವನನ್ನು ಬಾಯಿಬಿಟ್ಟು ಹೊಗಳಬೇಕಾಗಿ ಬಂದರೆ, ಅದಕ್ಕೂ ಸೈ.

ಫೋನಿನಲ್ಲಿ ಹೇಳಿದರೆ ಆಗದೇ ಎಂದಳು ವೀಣಾ. ಎದುರಿಗೆ ಕೂತು ಆಡಿದ ಮಾತನ್ನು ಎದುರಿಗೆ ಕೂತೇ ವಾಪಸು ತಗೋಬೇಕು ಎಂದೆ. ಕೋಚ್‌ಗೆ ಇಮೇಲ್ ಬರೆದೆ. ಒಂದು ಸಾಲಿನ ಉತ್ತರ ಬಂತು: ಶನಿವಾರ ಬನ್ನಿ, ಹುಡುಗನನ್ನೂ ಕರೆತನ್ನಿ. ಶನಿವಾರಕ್ಕೆ ಎರಡು ವಾರದ ಗಡುವು ಮುಗಿಯುತ್ತಿತ್ತು. ಹುಡುಗ ಬರುವುದಿಲ್ಲ ಎಂದ. "ಬರ್ತೀಯ" ಎಂದೆ. ದನಿ ಏರಿಸಲಿಲ್ಲ. ಆ ವಿದ್ಯೆ ನನಗೂ ಬರುತ್ತದೆಂದು ಅವತ್ತೇ ತಿಳಿದದ್ದು.

ಬೆಳಕು ಹರಿಯುತ್ತಲೇ ಹೊರಟೆವು. ಫುಲ್‌ಶೀರ್‌ನಿಂದ ಡಲ್ಲಾಸ್‌ಗೆ ನಾಲ್ಕು ಗಂಟೆಯ ಮೇಲೆ. ಅವನು ಕಿವಿಗೆ ಹಾಡು ಹಾಕಿಕೊಂಡು ಕಿಟಕಿ ಕಡೆ ತಿರುಗಿ ಕೂತ. ನಾನು ಸ್ಟಿಯರಿಂಗ್ ಹಿಡಿದುಕೊಂಡು ತುಟಿಯಲ್ಲೇ ಹೊಗಳಿಕೆಯ ಅಭ್ಯಾಸ ಮಾಡುತ್ತಾ ಹೋದೆ. "ಹಿ ಈಸ್ ಎ ವೆರಿ ಗುಡ್ ಬಾಯ್." ಇದು ನಾಯಿಗೆ ಹೇಳಿದ ಹಾಗಾಯಿತು. "ಹಿ ಈಸ್ ಎಕ್ಸಲೆಂಟ್." ಇದು ಹೋಟೆಲಿನ ದೋಸೆಗೆ ಆದೀತು. ಡಲ್ಲಾಸ್ ದಾಟಿ ರಿಚರ್ಡ್‌ಸನ್‌ನಲ್ಲಿ ಕಾಫಿಗೆ ನಿಲ್ಲಿಸಿದಾಗ, ಬಿಲ್ಲಿನ ಹಿಂದೆ ಐದು ಅಂಶ ಬರೆದುಕೊಂಡೆ. ಆಫೀಸಿನ ಅಭ್ಯಾಸ, ನಂಬರ್ ಹಾಕಿದೆ. ಮೂರನೆಯದರ ಮುಂದೆ ಕೈ ತಾನಾಗಿ "ಆದರೆ" ಎಂದು ಬರೆದಿತ್ತು. ಹೊಡೆದು ಹಾಕಿದೆ.

ಆ ಕಾಲೇಜಿನ ಊರಿನಲ್ಲಿ ಒಂದು ನೀರಿನ ಟ್ಯಾಂಕು, ಒಂದು ಚರ್ಚು, ಹಸುಗಳ ಹುಲ್ಲುಗಾವಲು. ಮೈದಾನದ ಪಕ್ಕದ ಸಣ್ಣ ಕೋಣೆಯಲ್ಲಿ ಕೋಚ್ ಕೂತಿದ್ದರು. ಕೋಣೆಯ ತುಂಬ ಚರ್ಮದ ಚೆಂಡು, ಒದ್ದೆ ಟವೆಲ್ಲುಗಳ ವಾಸನೆ. ನಮಗೆ ಕುರ್ಚಿ ತೋರಿಸಿ, ಕೇಸರಿಬಾತ್ ತಂದಿದ್ದೀರಾ ಎಂದು ಕೇಳಿದರು. ವೀಣಾ ಕಳಿಸಿದ್ದ ಡಬ್ಬಿ ಮೇಜಿನ ಮೇಲಿಟ್ಟೆ. ಬಿಲ್ಲಿನ ಕಾಗದ ಬಿಚ್ಚಿದೆ. ಸ್ವಂತ ಮದುವೆಯಲ್ಲೂ ನಾನು ಹಾಗೆ ಬೆವೆತಿರಲಿಲ್ಲ.

"ಅವತ್ತು ನಾನು ಹೇಳಿದ್ದು ನಮ್ಮ ಕಡೆಯ ಪದ್ಧತಿ" ಎಂದು ಶುರುಮಾಡಿದೆ. "ನಮ್ಮ ಮಕ್ಕಳನ್ನು ನಾವು ಹೊಗಳುವುದಿಲ್ಲ. ಎದುರಿಗಿದ್ದವರು ಹೊಗಳುತ್ತಾರೆಂದು ಕಾಯುತ್ತೇವೆ. ನೀವು ಹೊಗಳಲಿಲ್ಲ. ಅದು ನಿಮ್ಮ ತಪ್ಪಲ್ಲ. ಇವನು ಒಳ್ಳೆಯ ಹುಡುಗ. ಕಷ್ಟಪಡುತ್ತಾನೆ, ಆದರೆ..."

"ಆದರೆ ಬೇಡ" ಎಂದರು ಕೋಚ್.

ಕಾಗದ ಮಡಿಸಿ ಜೇಬಿಗಿಟ್ಟೆ. ಅದರಲ್ಲಿದ್ದದ್ದು ಯಾವುದೂ ಬಾಯಿಗೆ ಬರಲೊಲ್ಲದು. ನೆನಪಿಗೆ ಬಂದದ್ದು ಜಮಖಾನ. ಅದರ ಕಥೆ ಹೇಳಿದೆ. ಮೂರು ವರ್ಷ, ದಿನಾ ಆರು ಗಂಟೆಗೆ, ಐವತ್ತು ಸಲ. ಜ್ವರ ಬಂದ ದಿನ ಅವನ ಅಮ್ಮ ಬೈದಳೆಂದು ಇಪ್ಪತ್ತೈದು ಸಲ. ವೃತ್ತ ಇದ್ದ ಜಾಗದಲ್ಲಿ ಈಗ ಬಟ್ಟೆಯೇ ಇಲ್ಲ, ತೂತು, ಅದರ ಸುತ್ತ ಮಾತ್ರ ಎಲ್ಲಾ ಪಟ್ಟೆಗಳೂ ಗಟ್ಟಿಯಾಗಿವೆ ಎಂದೆ. "ನನ್ನ ತಂದೆ ತೀರಿಕೊಂಡಾಗ ನಾನು ಮೈಸೂರಿಗೆ ಹೋಗಿದ್ದೆ. ಮನೆಯಲ್ಲಿ ಬಂದವರು ಹೋದವರು, ಅಳು. ಒಂದು ಸಂಜೆ ಇಲ್ಲಿನ ಮನೆಗೆ ಫೋನ್ ಮಾಡಿದೆ. ಇಲ್ಲಿ ಆಗ ಬೆಳಗ್ಗೆ. ಹೆಂಡತಿ ಏನೋ ಹೇಳುತ್ತಿದ್ದಳು, ನನಗೆ ಅದು ಕೇಳಿಸಲಿಲ್ಲ. ಹಿಂದಿನಿಂದ ಧಡ್ ಎನ್ನುವುದು ಕೇಳಿಸಿತು. ಒಂದು ನಿಮಿಷ ಬಿಟ್ಟು ಇನ್ನೊಂದು. ಸದ್ಯ, ನನ್ನ ಮನೆ ನೆಟ್ಟಗಿದೆ ಅಂದುಕೊಂಡೆ. ಆಮೇಲೆ ನಿದ್ದೆ ಬಂತು" ಎಂದೆ. "ಯಾವುದನ್ನೂ ಪೂರ್ತಿ ಮಾಡುವುದಿಲ್ಲ ಎಂದು ಹೇಳಿದೆನಲ್ಲ, ಅದು ಸುಳ್ಳು. ಇಂಥ ಹುಡುಗನನ್ನು ನಾನು ನೋಡಿಲ್ಲ. ದಯವಿಟ್ಟು ಆ ಜಾಗ ಇವನಿಗೆ ಕೊಡಿ."

ಕೋಚ್ ಡಬ್ಬಿಯ ಮುಚ್ಚಳವನ್ನು ತೆಗೆದವರು ಹಾಗೇ ಹಿಡಿದುಕೊಂಡಿದ್ದರು. "ಸರ್, ಆ ಜಾಗ ನಾನು ಕೊಟ್ಟು ಎರಡು ವಾರವಾಯಿತು. ನಿಮ್ಮ ಮನೆಯಿಂದ ಹೋದ ಮರುದಿನವೇ ಇವನಿಗೆ ಫೋನ್ ಮಾಡಿ ಹೇಳಿದೆ. ನನ್ನಪ್ಪ ದನ ಸಾಕುತ್ತಿದ್ದ. ಅವನ ಬಾಯಲ್ಲಿ ನಾನು ಯಾವತ್ತೂ ಕೆಲಸಕ್ಕೆ ಬಾರದವನೇ. ನಿಮ್ಮ ಮಾತು ನನಗೆ ಹೊಸದಲ್ಲ. ಉತ್ತರ ಕೊಡದೆ ಕೂತಿರುವವನು ನಿಮ್ಮ ಮಗ" ಎಂದರು.

ನಾನು ತಿರುಗಿದೆ. ಕಾರ್ತಿಕ ತನ್ನ ಬೂಟಿನ ದಾರವನ್ನು ನೋಡುತ್ತಿದ್ದ.

"ಯಾಕೋ?" ಎಂದೆ.

"ನಾನು ಎಲ್ಲಾ ಬಿಟ್ಟುಬಿಡುತ್ತೇನೆ ಎಂದು ನೀನೇ ಹೇಳಿದೆಯಲ್ಲ" ಎಂದ. "ತಪ್ಪು ಹುಡುಕುವುದು ನಿನ್ನ ಕೆಲಸ. ನಿನಗೆ ಗೊತ್ತಿರುತ್ತದೆ ಅಂದುಕೊಂಡೆ."

ಇಪ್ಪತ್ತು ವರ್ಷ ಟೆಸ್ಟಿಂಗ್ ಮಾಡಿದ್ದೇನೆ. ನನ್ನ ಯಾವ ವರದಿಯನ್ನೂ ಯಾರೂ ಅಷ್ಟು ನಂಬಿರಲಿಲ್ಲ. "ಇಲ್ಲ ಮಗನೇ, ನಂದೇ ತಪ್ಪು" ಎಂದೆ. ಕನ್ನಡಕ ತೆಗೆದು ಒರೆಸಿಕೊಂಡೆ. ಅವನು ಎದ್ದು ಕೋಚ್ ಕೈ ಕುಲುಕಿ "ನಿಮ್ಮ ಕಾಲೇಜಿಗೇ ಬರುತ್ತೇನೆ ಸರ್" ಎಂದ. ಕೋಚ್ ಡಬ್ಬಿಗೆ ಚಮಚ ಹಾಕಿದರು. ಹುಡುಗ ಆಸ್ಟಿನ್ನಿಗೆ ಬರುವುದಿಲ್ಲ, ಆ ಹೊಸ ಪರದೆ ನಿಮಗೇ ಇರಲಿ ಎಂದು ಭಾವನಿಗೆ ನಾನೇ ಫೋನ್ ಮಾಡಿ ಹೇಳಿದೆ. ಯುಗಾದಿಯಲ್ಲಿ ಆ ಕಾಲೇಜು ಎಲ್ಲಿದೆ ಎಂದು ಹನ್ನೊಂದು ಜನಕ್ಕೆ ದಾರಿ ಹೇಳಿದೆ.

ಸೆಪ್ಟೆಂಬರಿನಲ್ಲಿ ಮೊದಲ ಆಟಕ್ಕೆ ನಾನೂ ವೀಣಾಳೂ ಹೋದೆವು. ಕಬ್ಬಿಣದ ಮೆಟ್ಟಿಲುಗಳ ಮೇಲೆ ಕೂತರೆ ಬಿಸಿಲಿಗೆ ಹಂಚಿನ ಮೇಲೆ ಕೂತ ಹಾಗೆ. ಮೈಕಿನವನು ಓಡಿದವನ ಹೆಸರು ಕೂಗಿದ, ಹಿಡಿದವನ ಹೆಸರು ಕೂಗಿದ, ಒದ್ದವನ ಹೆಸರಂತೂ ಎರಡೆರಡು ಸಲ ಕೂಗಿದ. ನಮ್ಮವನು ಏಳು ಸಲ ಬಂದು, ಬಗ್ಗಿ, ಎಸೆದು ಹೋದ. ಏಳೂ ಸಲ ಚೆಂಡು ದಾರ ಕಟ್ಟಿ ಎಳೆದ ಹಾಗೆ ಹೋಯಿತು. ಒಮ್ಮೆಯೂ ಹೆಸರಿಲ್ಲ. ನನಗೆ ಸಿಟ್ಟು ಬಂತು. ಪಕ್ಕದಲ್ಲಿದ್ದ ಹೆಂಗಸೊಬ್ಬರನ್ನು, ಅವರ ಮಗನೂ ತಂಡದಲ್ಲಿದ್ದ, ಯಾಕೆ ಹೀಗೆ ಎಂದು ಕೇಳಿದೆ.

"ಸ್ನ್ಯಾಪರ್ ಹೆಸರು ಕೂಗಿದರೆ ಏನೋ ಎಡವಟ್ಟಾಯಿತು ಅಂತಲೇ ಅರ್ಥ" ಎಂದರು ಆಕೆ. "ಎಲ್ಲ ಸರಿಯಾಗಿದ್ದರೆ ಅವನ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ಅದಕ್ಕೆ ಒಂದು ಮನಸ್ಸು ಬೇಕು. ನಿಮ್ಮ ಹುಡುಗ ಅದನ್ನು ಎಲ್ಲಿ ಕಲಿತನೋ!"

ವೀಣಾ ನನ್ನ ಕಡೆ ನೋಡಿದಳು. ನಾನು ಮೈದಾನದ ಕಡೆ ನೋಡಿದೆ. ಹದಿನೆಂಟು ವರ್ಷ ಹಗಲಿರುಳೂ ತರಬೇತಿ ಕೊಟ್ಟ ಗುರು ಇಲ್ಲೇ ಕೂತಿದ್ದಾನೆ ಎಂದು ಹೇಳುವುದು ಹೇಗೆ? ಎಂಟನೆಯ ಸಲ ಅವನು ಬಗ್ಗಿದಾಗ ನಾನು ಎದ್ದು ನಿಂತೆ. ಚೆಂಡು ಹೋಗಿ ಕೈಗೆ ಬಿದ್ದದ್ದೇ ತಡ, "ಭೇಷ್ ಕಣೋ ಕಾರ್ತಿಕಾ! ಭೇಷ್!" ಎಂದು ಕೂಗಿದೆ. ಇಡೀ ಮೈದಾನದಲ್ಲಿ ಆ ಹೊತ್ತಿಗೆ ಕೂಗಿದವನು ನಾನೊಬ್ಬನೇ. ಹುಲ್ಲುಗಾವಲಿನ ಹಸುವೊಂದು ತಲೆ ಎತ್ತಿತು.

ಆಟ ಮುಗಿದ ಮೇಲೆ ಅವನು ಬೆವರು ಸುರಿಸುತ್ತಾ ಬೇಲಿಯ ಹತ್ತಿರ ಬಂದ. "ಹೇಗಿತ್ತೋ ನಾನು ಕೂಗಿದ್ದು?" ಎಂದು ಕೇಳಿದೆ. ಅವನು ಶಿರಸ್ತ್ರಾಣವನ್ನು ಕಂಕುಳಿಗೆ ಸಿಗಿಸಿಕೊಂಡು, ದೂರದ ನೀರಿನ ಟ್ಯಾಂಕಿನ ಕಡೆ ನೋಡುತ್ತಾ, ಥೇಟ್ ನಮ್ಮಪ್ಪನ ಹಾಗೆ, ಕನ್ನಡದಲ್ಲಿ ಹೇಳಿದ, "ಪರವಾಗಿಲ್ಲ."

ವಾಪಸು ಬರುವಾಗ ದಾರಿಯಲ್ಲಿ ಆ ಮಾತನ್ನು ವೀಣಾಳಿಗೆ ಎಷ್ಟು ಸಲ ಹೇಳಿದೆನೋ ನನಗೆ ಗೊತ್ತಿಲ್ಲ. ಡಲ್ಲಾಸ್ ದಾಟುವ ಹೊತ್ತಿಗೆ ಅವಳು, "ಸಾಕು ಸುಮ್ನಿರಿ, ನಿಮ್ಮನ್ನ ನೀವೇ ಅಷ್ಟೊಂದು ಹೊಗಳ್ಕೋಬೇಡಿ, ದೃಷ್ಟಿ ಆಗುತ್ತೆ" ಎಂದಳು.